ಎಲ್‌ಎಸ್‌ಪಿ ಪಿಂಗ್: ಲೇಬಲ್ ದಾರಿಯ ತಪಾಸಣೆ

ಎಂಪಿಎಲ್‌ಎಸ್ ಜಾಲದಲ್ಲಿ ರೌಟರುಗಳು ಪ್ಯಾಕೆಟ್ಟನ್ನು ಐಪಿ ವಿಳಾಸ ನೋಡಿ ಅಲ್ಲ, ಅದಕ್ಕೆ ಅಂಟಿಸಿದ 20 ಬಿಟ್‌ಗಳ ಲೇಬಲ್ ನೋಡಿ ಮುಂದೆ ಕಳಿಸುತ್ತವೆ. ಲೇಬಲ್ಲುಗಳ ಈ ದಾರಿಯೇ ಎಲ್‌ಎಸ್‌ಪಿ.

ಸಾಮಾನ್ಯ ಪಿಂಗ್ ಇಲ್ಲಿ ಏಕೆ ಸಾಲದು? ಲೇಬಲ್ ದಾರಿ ನಡುವೆ ಕಡಿದರೂ ಪ್ಯಾಕೆಟ್ ಐಪಿ ಮಾರ್ಗದಲ್ಲೇ ಗುರಿ ಮುಟ್ಟಿ ಉತ್ತರ ತಂದುಬಿಡಬಹುದು; ದೋಷ ಕಾಣುವುದೇ ಇಲ್ಲ. ಅದಕ್ಕಾಗಿಯೇ ಎಲ್‌ಎಸ್‌ಪಿ ಪಿಂಗ್. ಇದು ಯುಡಿಪಿ ಪೋರ್ಟ್ 3503 ಬಳಸುತ್ತದೆ. ಗುರಿಯ ವಿಳಾಸವಾಗಿ 127ರಿಂದ ಆರಂಭವಾಗುವ ವಿಳಾಸವನ್ನು ಇಡುತ್ತದೆ. ಇಡೀ ವಿಧಾನದ ಜಾಣ್ಮೆ ಇರುವುದು ಇಲ್ಲೇ: ಆ ವಿಳಾಸಕ್ಕೆ ರೌಟರು ಐಪಿ ಮಾರ್ಗದಲ್ಲಿ ಪ್ಯಾಕೆಟ್ ಕಳಿಸುವಂತಿಲ್ಲ. ಹಾಗಾಗಿ ಲೇಬಲ್ ಕಳಚಿದ ಜಾಗದಲ್ಲೇ ಅದು ನಿಲ್ಲುತ್ತದೆ, ದೋಷ ಎಲ್ಲಿದೆಯೆಂದು ಗೊತ್ತಾಗುತ್ತದೆ. ಐಪಿ ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ರೌಟರು ದಾಟಬಹುದೆಂಬ ಎಣಿಕೆ) 1 ಇರುವುದೂ ಇದಕ್ಕೇ.

ಇದೇ ವಿಧಾನದ ಟ್ರೇಸ್‌ರೂಟ್‌ನಲ್ಲಿ ಲೇಬಲ್‌ನ ಟಿಟಿಎಲ್ಲನ್ನು 1, 2, 3 ಎಂದು ಏರಿಸುತ್ತ ಒಂದೊಂದೇ ರೌಟರನ್ನು ಪರೀಕ್ಷಿಸುತ್ತಾರೆ.

ಎಲ್‌ಎಸ್‌ಪಿ ಪಿಂಗ್‌ನ ಮೂಲ ಮಾನದಂಡ ಆರ್‌ಎಫ್‌ಸಿ 4379, 2006, ಅದರ ಜಾಗಕ್ಕೆ ಬಂದದ್ದು ಆರ್‌ಎಫ್‌ಸಿ 8029, 2017.