ತಿರುಗುವ ಸಂವೇದಕದೊಳಗಿನ ಉಷ್ಣ: ಉಷ್ಣ ಪ್ರಸರಣ ಪಾಠಕ್ಕೊಂದು ಪೂರಕ ಘಟಕ

ತರಗತಿ: 8ರಿಂದ 10. ಅವಧಿಗಳು: 2.

ಪೀಠಿಕೆ

ವಹನ, ಸಂವಹನ, ವಿಕಿರಣ ಎಂಬ ಮೂರು ವ್ಯಾಖ್ಯೆಗಳನ್ನು ವಿದ್ಯಾರ್ಥಿಗಳು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಬಿಸಿಯಾದ ಒಂದು ಉಪಕರಣವನ್ನು ಮುಂದಿಟ್ಟು, ‘ಇದರ ಉಷ್ಣವು ಯಾವ ದಾರಿಯಿಂದ ಹೊರಹೋಗುತ್ತದೆ? ಆ ದಾರಿಯಲ್ಲಿ ತಡೆ ಎಲ್ಲಿದೆ?’ ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ಉಷ್ಣ ಪ್ರಸರಣವನ್ನು ಮೂರು ಬಿಡಿ ವ್ಯಾಖ್ಯೆಗಳಾಗಿ ಅಲ್ಲದೆ, ಒಂದು ದಾರಿಯಾಗಿ ಕಾಣಲು ಕಲಿಸುವುದು ಈ ಘಟಕದ ಉದ್ದೇಶ. ಚಾಲಕರಹಿತ ವಾಹನಗಳ ಮೇಲಿರುವ ಲೈಡಾರ್ ಎಂಬ ತಿರುಗುವ ಲೇಸರ್ ಸಂವೇದಕವನ್ನು ಇದಕ್ಕೆ ನಿದರ್ಶನವಾಗಿ ಆರಿಸಿಕೊಳ್ಳಲಾಗಿದೆ.

ಉಪಕರಣದ ಪರಿಚಯ

ಲೈಡಾರ್ ಲೇಸರ್ ಬೆಳಕಿನ ಅತಿ ಕಿರಿದಾದ ಮಿಡಿತಗಳನ್ನು ಹೊರಕಳಿಸಿ, ಅವು ಎದುರಿನ ವಸ್ತುವಿಗೆ ತಾಗಿ ಮರಳಲು ಹಿಡಿದ ಕಾಲವನ್ನು ಅಳೆಯುತ್ತದೆ. 100 ಮೀಟರ್ ದೂರದ ವಸ್ತುವಿನಿಂದ ಬೆಳಕು ಮರಳಿ ಬರಲು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ ಕಾಲ ಸಾಕು. ಸುತ್ತಲೂ ನೋಡುವುದಕ್ಕಾಗಿ ಲೇಸರುಗಳೂ ಶೋಧಕಗಳೂ ಒಟ್ಟಾಗಿ ತಿರುಗುತ್ತವೆ.

2007ರ ನವೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್‌ನಲ್ಲಿ ನಡೆದ ಡಾರ್ಪಾ ಅರ್ಬನ್ ಚಾಲೆಂಜ್ ಎಂಬ ಚಾಲಕರಹಿತ ವಾಹನಗಳ ಸ್ಪರ್ಧೆಯಿಂದ ಇಂತಹ ಸಂವೇದಕಗಳು ಪ್ರಸಿದ್ಧಿಗೆ ಬಂದವು. ಅಲ್ಲಿ ಬಳಕೆಯಾದ ವೆಲೊಡೈನ್ ಕಂಪನಿಯ ಸಂವೇದಕದಲ್ಲಿ 64 ಲೇಸರುಗಳಿದ್ದವು. ಅದೇ ಕಂಪನಿ ಮುಂದೆ ತಂದ ವಿಎಲ್‌ಪಿ-16 ಎಂಬ ಚಿಕ್ಕ ಮಾದರಿಯಲ್ಲಿ 16 ಲೇಸರುಗಳಿದ್ದು, ಅದು ಸೆಕೆಂಡಿಗೆ 5ರಿಂದ 20 ಸುತ್ತು ತಿರುಗುತ್ತದೆ. ಸುಮಾರು 8 ವ್ಯಾಟ್ ವಿದ್ಯುತ್ತನ್ನು ಬಳಸುತ್ತದೆ. ಈ ವಿದ್ಯುತ್ತಿನ ಬಹುಪಾಲು ಕೊನೆಗೆ ಉಷ್ಣವಾಗಿಯೇ ಉಳಿಯುತ್ತದೆ. 8 ವ್ಯಾಟ್ ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟೇ ಹೌದು. ಆದರೆ ಆ ಉಷ್ಣ ಹುಟ್ಟುವುದು ದೂಳು, ನೀರು ಒಳಬಾರದಂತೆ ಭದ್ರವಾಗಿ ಮುಚ್ಚಿದ, ಅಂಗೈಯಗಲದ ಡಬ್ಬಿಯೊಳಗೆ.

ಬಿಸಿಯಾದರೆ ಆಗುವುದೇನು?

ಉಷ್ಣತೆ ಏರಿದಂತೆ ಲೇಸರಿನ ಬೆಳಕು ಕುಂದುತ್ತದೆ, ಅದರ ಬಾಳಿಕೆಯೂ ಇಳಿಯುತ್ತದೆ. ಇಂತಹ ಲೇಸರುಗಳ ಬೆಳಕಿನ ತರಂಗದೂರ ಸುಮಾರು 905 ನ್ಯಾನೊಮೀಟರ್. ಪ್ರತಿ 1 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಅದು ಸರಿಸುಮಾರು 0.3 ನ್ಯಾನೊಮೀಟರಿನಷ್ಟು ಹೆಚ್ಚುತ್ತದೆ. ಬಿಸಿಲಿನ ಬೆಳಕನ್ನು ತಡೆಯಲು ಶೋಧಕದ ಮುಂದೆ ಒಂದು ಕಿರಿದಾದ ತರಂಗಪಟ್ಟಿಯನ್ನು ಮಾತ್ರ ಒಳಬಿಡುವ ಸೋಸುಗವಿರುತ್ತದೆ. 50 ಡಿಗ್ರಿಯ ವ್ಯತ್ಯಾಸವಾದರೆ ತರಂಗದೂರ 15 ನ್ಯಾನೊಮೀಟರಿನಷ್ಟು ಸರಿದು, ತನ್ನದೇ ಬೆಳಕು ತನ್ನದೇ ಸೋಸುಗದಲ್ಲಿ ತಡೆಯಲ್ಪಡುವ ಸಂಭವವಿದೆ. ಶೋಧಕದಲ್ಲಿಯೂ ಬೆಳಕಿಲ್ಲದಾಗಲೇ ಹರಿಯುವ ಹುಸಿ ವಿದ್ಯುತ್ ಹೆಚ್ಚುತ್ತದೆ. ಹೀಗೆ, ಬಿಸಿಯೇರಿದ ಸಂವೇದಕದ ದೃಷ್ಟಿ ಮಂದವಾಗುತ್ತದೆ. ರಸ್ತೆ ದಾಟುವ ವ್ಯಕ್ತಿಯನ್ನು ಅದು 80 ಮೀಟರಿನಲ್ಲಿ ಕಾಣುವುದಕ್ಕೂ 40 ಮೀಟರಿನಲ್ಲಿ ಕಾಣುವುದಕ್ಕೂ ಇರುವ ಅಂತರ ಒಂದು ಜೀವದ ಪ್ರಶ್ನೆಯಾಗಬಲ್ಲದು.

ಉಷ್ಣದ ದಾರಿ

ಶಿಕ್ಷಕರು ಕಪ್ಪುಹಲಗೆಯ ಮೇಲೆ ಈ ಸರಪಳಿಯನ್ನು ಬರೆಯಲಿ: ಚಿಪ್ಪು → ಸರ್ಕ್ಯೂಟ್ ಬೋರ್ಡು → ತಿರುಗುವ ಲೋಹದ ಚೌಕಟ್ಟು → ? → ಹೊರಕವಚ → ಹೊರಗಿನ ಗಾಳಿ.

ಪ್ರಶ್ನಾರ್ಥಕ ಚಿಹ್ನೆಯ ಸ್ಥಳದಲ್ಲಿಯೇ ಸಮಸ್ಯೆಯಿದೆ. ಚೌಕಟ್ಟು ತಿರುಗಬೇಕಾದರೆ ಅದು ಕವಚವನ್ನು ತಾಗಬಾರದು, ತಾಗದಿದ್ದರೆ ವಹನವಿಲ್ಲ. ಎರಡನ್ನೂ ಜೋಡಿಸುವ ಬೇರಿಂಗಿನಲ್ಲಿ ಗುಂಡುಗಳು ಲೋಹವನ್ನು ಮುಟ್ಟುವುದು ಬಹಳ ಸಣ್ಣ ಜಾಗದಲ್ಲಿ ಮಾತ್ರ. ತಿರುಗುವ ಭಾಗಕ್ಕೆ ವಿದ್ಯುತ್ತನ್ನು ಎದುರುಬದುರಾದ ಸುರುಳಿಗಳ ಮೂಲಕ ದಾಟಿಸಬಹುದು, ಮಾಹಿತಿಯನ್ನು ಬೆಳಕಿನ ಮೂಲಕ ದಾಟಿಸಬಹುದು. ಉಷ್ಣಕ್ಕೆ ಅಂತಹ ಸುಲಭವಾದ ಸೇತುವೆಯಿಲ್ಲ. ಅದು ಗಾಳಿಯ ತೆರಪನ್ನೇ ದಾಟಬೇಕು.

ಲೆಕ್ಕ (10ನೆಯ ತರಗತಿಗೆ)

ತಿರುಗುವ ಉರುಳೆಯ ಮೇಲ್ಮೈ 0.0125 ಚದರ ಮೀಟರ್, ತೆರಪು 1 ಮಿಲಿಮೀಟರ್, ದಾಟಬೇಕಾದ ಉಷ್ಣ 8 ವ್ಯಾಟ್ ಎಂದು ಭಾವಿಸಿರಿ. ನಿಶ್ಚಲ ಗಾಳಿಯ ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ 0.026 ವ್ಯಾಟ್.

ಉಷ್ಣತಾ ವ್ಯತ್ಯಾಸ = (8 × 0.001) ÷ (0.026 × 0.0125) = ಸುಮಾರು 24.6 ಡಿಗ್ರಿ.

ತೆರಪಿನಲ್ಲಿ ಗಾಳಿಯ ಬದಲು ಅಲ್ಯುಮಿನಿಯಂ (ವಾಹಕತೆ ಸುಮಾರು 200) ಇದ್ದಿದ್ದರೆ ವ್ಯತ್ಯಾಸ 0.0032 ಡಿಗ್ರಿ ಮಾತ್ರ. ವಿಎಲ್‌ಪಿ-16 ಸಂವೇದಕವನ್ನು ಗರಿಷ್ಠ 60 ಡಿಗ್ರಿ ಪರಿಸರ ಉಷ್ಣತೆಯವರೆಗೆ ಬಳಸಬಹುದೆಂದು ನಿಗದಿಯಾಗಿದೆ. ಬೇಸಗೆಯ ಬಿಸಿಲಿನಲ್ಲಿ ನಿಂತ ವಾಹನದ ಮೇಲ್ಛಾವಣಿಯನ್ನು ಮುಟ್ಟಿ ಕೈ ಹಿಂತೆಗೆದ ಆದೋನಿಯ ಅಥವಾ ಸೊಲ್ಲಾಪುರದ ವಿದ್ಯಾರ್ಥಿಗೆ ಈ ಮಿತಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರಿಹಾರದ ಮೂರು ಮಾರ್ಗಗಳು

1. ಮೇಲ್ಮೈ ಹೆಚ್ಚಿಸುವುದು. ಮೋಟಾರುಬೈಕಿನ ಎಂಜಿನ್ನಿನ ಮೇಲಿರುವಂತಹ ಲೋಹದ ಪಟ್ಟಿಗಳನ್ನು ಉರುಳೆಗೂ ಕವಚಕ್ಕೂ ವೃತ್ತಾಕಾರವಾಗಿ ಅಳವಡಿಸಿ, ಎರಡು ಕೈಗಳ ಬೆರಳುಗಳನ್ನು ತಾಗದಂತೆ ಹೆಣೆದ ರೀತಿಯಲ್ಲಿ ಒಂದರೊಳಗೊಂದು ಸೇರಿಸಬಹುದು.
2. ಗಾಳಿಯನ್ನು ಚಲಿಸುವಂತೆ ಮಾಡುವುದು. ತಿರುಗುವ ಭಾಗಕ್ಕೆ ಫ್ಯಾನಿನ ರೆಕ್ಕೆಗಳನ್ನು ಜೋಡಿಸಿದರೆ ಅದೇ ಮೋಟಾರು ಒಳಗಿನ ಗಾಳಿಯನ್ನೂ ಕಲಕುತ್ತದೆ. ತೊಡಕನ್ನು ತಂದ ತಿರುಗುವಿಕೆಯೇ ಇಲ್ಲಿ ನೆರವಾಗುತ್ತದೆ.
3. ಉಷ್ಣದ ಮೂಲವನ್ನು ಸರಿಸುವುದು. ಹೆಚ್ಚು ಬಿಸಿಯಾಗುವ ಗಣಕ ಚಿಪ್ಪುಗಳನ್ನು ಸ್ಥಿರವಾದ ತಳಭಾಗದಲ್ಲಿಟ್ಟರೆ ಅವುಗಳ ಉಷ್ಣ ನೇರವಾಗಿ ವಹನದಿಂದಲೇ ಹೊರಹೋಗುತ್ತದೆ.

ಚಟುವಟಿಕೆ

ಸಮಾನ ಅಳತೆಯ ಎರಡು ಸ್ಟೀಲ್ ಲೋಟಗಳಲ್ಲಿ 60 ಡಿಗ್ರಿಯ ನೀರನ್ನು ಸಮನಾಗಿ ತುಂಬಿರಿ (ಬಿಸಿನೀರನ್ನು ಶಿಕ್ಷಕರೇ ಸುರಿಯಬೇಕು). ಪ್ರತಿಯೊಂದನ್ನೂ ಅಗಲವಾದ ಪಾತ್ರೆಯೊಳಗೆ ಮೂರು ಹುಣಿಸೆ ಬೀಜಗಳ ಮೇಲೆ ನಿಲ್ಲಿಸಿರಿ. ಬೀಜಗಳೇ ಇಲ್ಲಿ ಬೇರಿಂಗಿನ ಗುಂಡುಗಳು. ಒಂದು ಪಾತ್ರೆಯ ತೆರಪಿನಲ್ಲಿ ಗಾಳಿಯಿರಲಿ, ಇನ್ನೊಂದರಲ್ಲಿ ತಣ್ಣೀರು ತುಂಬಿರಿ. ಎರಡು ನಿಮಿಷಕ್ಕೊಮ್ಮೆ ಲೋಟಗಳ ಉಷ್ಣತೆಯನ್ನು ಬರೆದುಕೊಂಡು ನಕ್ಷೆ ರಚಿಸಿರಿ. ತಣ್ಣೀರು ಉಷ್ಣವನ್ನು ಸಾಗಿಸುವುದಲ್ಲದೆ ತಾನೂ ಹೀರಿಕೊಳ್ಳುತ್ತದೆ ಎಂಬುದನ್ನು ಚರ್ಚೆಯಲ್ಲಿ ಮರೆಯಬಾರದು.

ಪದಗಳ ಬಗೆಗೆ ಎಚ್ಚರಿಕೆ

ಗಡಿನಾಡಿನ ವಿದ್ಯಾರ್ಥಿಯ ಕಿವಿಗೆ ಎರಡು ಭಾಷೆಗಳ ಪಾರಿಭಾಷಿಕ ಪದಗಳು ಬೀಳುತ್ತವೆ. ಮರಾಠಿಯಲ್ಲಿ ಸಂವಹನಕ್ಕೆ ‘ಅಭಿಸರಣ’ ಎನ್ನುತ್ತಾರೆ. ಕನ್ನಡದ ಜೀವಶಾಸ್ತ್ರದಲ್ಲಿ ‘ಅಭಿಸರಣೆ’ಯೆಂದರೆ ಪೊರೆಯ ಮೂಲಕ ನೀರು ಸಾಗುವ ಕ್ರಿಯೆ. ಮಲಯಾಳದ ‘ಚಾಲನಂ’ ನಮ್ಮ ವಹನ; ತಮಿಳಿನ ‘ವೆಪ್ಪಚ್ಚಲನಂ’ ನಮ್ಮ ಸಂವಹನ; ಕನ್ನಡದ ‘ಚಲನೆ’ ಎರಡೂ ಅಲ್ಲ. ಭಾಷಾಪಾಠದಲ್ಲಿ ‘ಸಂವಹನ’ಕ್ಕೆ ಮಾತುಕತೆಯ ಅರ್ಥವೂ ಉಂಟು. ವಿದ್ಯಾರ್ಥಿಯ ಉತ್ತರವನ್ನು ತಪ್ಪೆಂದು ಹೊಡೆದುಹಾಕುವ ಮೊದಲು, ಅವನು ಯಾವ ಭಾಷೆಯ ಪದದಲ್ಲಿ ಯೋಚಿಸಿದ್ದಾನೆ ಎಂಬುದನ್ನು ವಿಚಾರಿಸುವುದು ಉಚಿತ. ಪದ ತಪ್ಪಿದ್ದರೂ ದಾರಿ ಸರಿಯಾಗಿ ಗುರುತಿಸಿದ್ದರೆ ಕಲಿಕೆ ನಡೆದಿದೆ.

ಮೌಲ್ಯಮಾಪನ

1. ತೆರಪನ್ನು 2 ಮಿಲಿಮೀಟರಿಗೆ ಹೆಚ್ಚಿಸಿದರೆ ಉಷ್ಣತಾ ವ್ಯತ್ಯಾಸವೆಷ್ಟು? (ಸುಮಾರು 49 ಡಿಗ್ರಿ)
2. ತೆರಪು 1 ಮಿಲಿಮೀಟರಿನಲ್ಲಿಯೇ ಇದ್ದು, ಮೇಲ್ಮೈ ಇಮ್ಮಡಿಯಾದರೆ? (ಸುಮಾರು 12 ಡಿಗ್ರಿ)
3. ಡಬ್ಬಿಯಲ್ಲಿ ರಂಧ್ರಗಳನ್ನು ಮಾಡಿ ತಂಪುಗೊಳಿಸಬಾರದೇಕೆ?
4. ಮನೆಯಲ್ಲಿ ಬಿಸಿಯಾಗುವ ಒಂದು ಉಪಕರಣವನ್ನು ಆರಿಸಿ, ಅದರ ಉಷ್ಣದ ದಾರಿಯನ್ನು ಸರಪಳಿಯಾಗಿ ಬರೆದು, ಅತಿ ಹೆಚ್ಚಿನ ತಡೆ ಎಲ್ಲಿದೆಯೆಂದು ಗುರುತಿಸಿರಿ.

ನಾಲ್ಕನೆಯ ಪ್ರಶ್ನೆಗೆ ಸ್ವಂತವಾಗಿ ಉತ್ತರ ಬರೆದ ವಿದ್ಯಾರ್ಥಿಗೆ ಈ ಘಟಕವು ತಲುಪಿದೆ ಎಂದು ತಿಳಿಯಬಹುದು.