ಯಾರ್ಕಿನ ಗೋಡೆ, ಅಣ್ಣಿಗೇರಿಯ ಮಾಳಿಗೆ

ಮಗಳು ಲೀಡ್ಸ್‌ನಲ್ಲಿದ್ದಾಳೆ. ಬಾಣಂತನಕ್ಕೆ ನಮ್ಮಾಕೆ ಹೊರಟಾಗ ನಾನೂ ಬೆನ್ನು ಹತ್ತಿದೆ. ಅಣ್ಣಿಗೇರಿಯಲ್ಲಿ ಕಡಲೆ ರಾಶಿ ಮುಗಿದಿತ್ತು. ಒಬ್ಬನೇ ಕೂತು ಮಾಡುವುದೇನಿತ್ತು? ಏಪ್ರಿಲ್‌ನ ಒಂದು ಶನಿವಾರ ಅಳಿಯ ನನ್ನನ್ನು ಯಾರ್ಕ್‌ಗೆ ಕರೆದೊಯ್ದರು. ರೈಲಿನಲ್ಲಿ ಹೆಚ್ಚುಕಡಿಮೆ ಅರ್ಧ ತಾಸು, ಹುಬ್ಬಳ್ಳಿಯಿಂದ ನಮ್ಮೂರಿಗೆ ಬಂದಷ್ಟೇ.

"ಮಾವಾರ, ಮೊದಲ ಮಿಕಲ್‌ಗೇಟ್ ಬಾರ್ ನೋಡೂಣು" ಅಂದರು. "ಮುಂಜಾನಿ ಮುಂಜಾನಿ ಬಾರಿಗ್ಯಾಕ್ರೀ?" ಅಂದೆ. ಅಳಿಯನಿಗೆ ನಗು ತಡೆಯಲಿಲ್ಲ. ಆ ಊರಲ್ಲಿ ಬೀದಿಗೆ ಗೇಟ್ ಅನ್ನುತ್ತಾರೆ, ಅದು ವೈಕಿಂಗರು ಬಿಟ್ಟುಹೋದ ಮಾತು. ಅಗಸಿ ಬಾಗಿಲಿಗೆ ಬಾರ್ ಅನ್ನುತ್ತಾರೆ.

ಊರಗೋಡೆಯ ಮೇಲೆ ನಡೆಯಲು ದುಡ್ಡು ಕೊಡಬೇಕಿಲ್ಲ. ಸುಮಾರು 3.4 ಕಿಲೋಮೀಟರ್ ಉದ್ದ. ಆದರೆ ಕೊಲ್ಹಾಪುರಿ ಮೆಟ್ಟಿನಲ್ಲಿ ಹತ್ತಬಾರದು. ರಾತ್ರಿ ಮಳೆಯಾಗಿತ್ತು, ಒಳಬದಿಗೆ ಅಲ್ಲಲ್ಲಿ ಕಟಾಂಜನವೂ ಇಲ್ಲ. ಎರಡು ಸಲ ಜಾರಿದೆ. ಮೂರನೆಯ ಸಲ ಅಳಿಯ ರಟ್ಟೆ ಹಿಡಿದುಕೊಂಡರು, ಸಂಜೆಯವರೆಗೂ ಬಿಡಲಿಲ್ಲ.

ಇಷ್ಟು ಚೆಂದ ಉಳಿಸಿಕೊಂಡಿದ್ದಾರಲ್ಲ, ಇವರಿಗೆ ಹಳೆಯದರ ಮೇಲೆ ಹುಟ್ಟಾ ಪ್ರೀತಿ ಇರಬೇಕು ಅಂದುಕೊಂಡಿದ್ದೆ. ಅದು ಸುಳ್ಳು. 1800ರಲ್ಲಿ ಆ ಊರಿನ ನಗರಸಭೆಯೇ ಗೋಡೆ ಕೆಡವಲು ಹೊರಟಿತ್ತು. ಜನ ಅಡ್ಡ ನಿಂತರು. ವಿಲಿಯಂ ಎಟಿ ಎಂಬ ಅಲ್ಲಿಯದೇ ಚಿತ್ರಕಾರ ಗೋಡೆಯ ಪರವಾಗಿ ಹೋರಾಡಿದ. ಆದರೂ ಒಂದಿಷ್ಟು ಹೋಯಿತು. ನಾಲ್ಕು ದೊಡ್ಡ ಅಗಸಿಗಳ ಮುಂದೆ ಇದ್ದ ಹೊರಕಟ್ಟಡಗಳಲ್ಲಿ ಈಗ ವಾಮ್‌ಗೇಟ್ ಬಾರಿನದೊಂದೇ ಉಳಿದಿದೆ. ಇದನ್ನು ಕೇಳಿ ನನಗೆ ಯಾಕೋ ಸಮಾಧಾನವಾಯಿತು. ಅವರೂ ನಮ್ಮಂಥವರೇ.

ಶ್ಯಾಂಬಲ್ಸ್ ಎಂಬ ಸಂದಿಯಲ್ಲಿ ಮಾತ್ರ ಕಾಲು ನಿಂತುಬಿಟ್ಟವು. ಹಿಂದೆ ಕಟುಕರ ಓಣಿ; ಮಾಂಸ ತೂಗುಹಾಕುತ್ತಿದ್ದ ಕೊಕ್ಕೆಗಳು ಇನ್ನೂ ಅಂಗಡಿಗಳ ಮುಂದಿವೆ. ಮೇಲಿನ ಅಂತಸ್ತುಗಳು ಮುಂದಕ್ಕೆ ಬಾಗಿ ಎದುರುಮನೆಯ ಕಿವಿಯಲ್ಲಿ ಏನೋ ಹೇಳುವಂತಿವೆ. ಒಂದು ತೊಲೆಯೂ ನೆಟ್ಟಗಿಲ್ಲ. ಅವನ್ನು ನೋಡುತ್ತ ನಿಂತವನಿಗೆ ನಮ್ಮ ಪಡಸಾಲೆಯ ಕಂಬಗಳು ನೆನಪಾದವು.

ಆರು ಸಾಗವಾನಿ ಕಂಬ, ಮೇಲೆ ಗಿಳಿ ಕೆತ್ತಿದ ಬೋದಿಗೆಗಳು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಅಂಗಳದ ಕೆಳಗೆ ಜೋಳದ ಹಗೇವು. ಹನ್ನೆರಡು ವರ್ಷದ ಹಿಂದೆ ಅಣ್ಣತಮ್ಮಂದಿರು ಸೇರಿ ಕೆಡವಿದೆವು. ಕಂಬಗಳನ್ನು ವ್ಯಾಪಾರಿಯೊಬ್ಬ ಲಾರಿಯಲ್ಲಿ ಹೇರಿಕೊಂಡು ಹೋದ. ಬಂದ ದುಡ್ಡು ಆರ್‌ಸಿಸಿ ಮನೆಯ ಕಿಟಕಿಗಳಿಗೂ ಸಾಲಲಿಲ್ಲ. ಯಾರಾದರೂ ಕೇಳಿದರೆ "ಸೋರತಿತ್ತು" ಅನ್ನುತ್ತಿದ್ದೆ.

ಯಾಕೆ ಸೋರುತ್ತಿತ್ತು ಅನ್ನುವುದು ಹೊಳೆದದ್ದು ಯಾರ್ಕ್ ಮಿನ್‌ಸ್ಟರ್ ಮುಂದೆ. 1220ರ ಹೊತ್ತಿಗೆ ಶುರುವಾಗಿ 1472ಕ್ಕೆ ಮುಗಿದ ಚರ್ಚು. 1984ರಲ್ಲಿ ಬೆಂಕಿ ಬಿದ್ದು ಅದರ ದಕ್ಷಿಣ ಭಾಗದ ಚಾವಣಿ ಸುಟ್ಟಿತ್ತು, ಮತ್ತೆ ಕಟ್ಟಿದರು. ಅದಕ್ಕೆ ತನ್ನದೇ ಕಲ್ಲುಕುಟಿಗರಿದ್ದಾರೆ. ಸುಣ್ಣಕಲ್ಲು ಸವೆದಲ್ಲಿ ಹೊಸದನ್ನು ಕೆತ್ತಿ ಕೂಡಿಸುತ್ತಾರೆ, ಒಂದು ಮಗ್ಗಲು ಮುಗಿಯುವಷ್ಟರಲ್ಲಿ ಇನ್ನೊಂದು ಮಗ್ಗಲಿಗೆ ಕೆಲಸ ಬಂದಿರುತ್ತದೆ. ಉಳಿಸುವುದೆಂದರೆ ಕೈಹಚ್ಚದೆ ಇಡುವುದು ಅಂತ ನಾನು ತಿಳಿದಿದ್ದೆ.

ನಮ್ಮಜ್ಜ ಪ್ರತಿ ವರ್ಷ ಮಿರಗಕ್ಕೆ ಮೊದಲು ಚಕ್ಕಡಿಯಲ್ಲಿ ಸವಳು ಮಣ್ಣು ತರಿಸಿ ಮೇಲ್ಮುದ್ದೆಗೆ ಹಾಕಿಸುತ್ತಿದ್ದ. ಅವನೇ ಮೇಲೆ ಹತ್ತಿ ತುಳಿಯುತ್ತಿದ್ದ. ಅಜ್ಜ ಹೋದ ಮೇಲೆ ಅಪ್ಪ ಎರಡು ವರ್ಷಕ್ಕೊಮ್ಮೆ ಹಾಕಿಸಿದ. ನಾವು ಬಿಟ್ಟೇಬಿಟ್ಟೆವು. ನೀರು ಇಳಿಯಿತು, ಜಂತಿ ಕೊಳೆಯಿತು, ಹಳೇ ಮನೆ ಕೆಲಸಕ್ಕೆ ಬಾರದು ಅಂದೆವು.

ಮೇ ತಿಂಗಳಲ್ಲಿ ಊರಿಗೆ ಬಂದವನೇ ಅಮೃತೇಶ್ವರನ ಗುಡಿಗೆ ಹೋದೆ. ಕಲ್ಯಾಣ ಚಾಲುಕ್ಯರ ಕಾಲದ್ದು, 11ನೇ ಶತಮಾನದ ಬಳಪದ ಕಲ್ಲಿನ ಗುಡಿ. ಬೆಳ್ವೊಲ 300ಕ್ಕೆ ರಾಜಧಾನಿಯಾಗಿದ್ದ ಊರು ನಮ್ಮದು. ಪಂಪನ ತಾಯಿಯ ಕಡೆಯವರು ಇಲ್ಲಿಯವರೆಂದು ಕುರ್ಕ್ಯಾಲ ಶಾಸನ ಹೇಳುತ್ತದೆ. ಭಾಷಣಗಳಲ್ಲಿ ಇದನ್ನೆಲ್ಲ ಕೇಳಿ ಚಪ್ಪಾಳೆ ಹೊಡೆದಿದ್ದೇನೆ. ಆದರೆ ಆ ಗುಡಿಯ 76 ಕಂಬಗಳನ್ನು ಒಂದು ದಿನವೂ ಎಣಿಸಿರಲಿಲ್ಲ. ಅವತ್ತು ಎಣಿಸಿದೆ. ನಡುವೆ ತಪ್ಪಿ ಮತ್ತೆ ಮೊದಲಿನಿಂದ ಹಿಡಿದೆ.

ಮನೆಗೆ ಬಂದು ದನದ ಕೊಟ್ಟಿಗೆಯಲ್ಲಿ ಹುಡುಕಿದಾಗ ಒಂದು ಬೋದಿಗೆ ಸಿಕ್ಕಿತು. ಲಾರಿಯಲ್ಲಿ ಜಾಗ ಸಾಲದೆ ಉಳಿದದ್ದು. ಹೊಟ್ಟಿನ ಚೀಲಗಳ ಕೆಳಗೆ ಇಟ್ಟಿದ್ದೆವು. ಗಿಳಿಯ ಕೊಕ್ಕು ಮುರಿದಿತ್ತು.

ನಮ್ಮ ಓಣಿಯಲ್ಲಿ ಮೇಲ್ಮುದ್ದೆ ಮನೆ ಈಗ ಕಾಕಾನದೊಂದೇ. ಸವಳು ಮಣ್ಣು ಹಾಕಿಸೋಣ ಅಂದೆ. ಆಳು ಸಿಗಲಿಲ್ಲ. ಟ್ರ್ಯಾಕ್ಟರಿನಲ್ಲಿ ಮಣ್ಣು ತರಿಸಿ, ಬುಟ್ಟಿ ಹೊತ್ತು ನಾನೇ ಏಣಿ ಹತ್ತಿದೆ. ಕೆಳಗಿಂದ ಕಾಕಾ ಕೂಗಿದ: "ಇದನ್ನ ಕಲಿಯಾಕ ಇಂಗ್ಲೆಂಡಿಗೆ ಹೋಗಿದ್ದೇನೋ?"

ಮಿರಗದ ಮೊದಲ ಮಳೆಗೆ ದೇವರ ಕೋಣೆಯ ಮೂಲೆಯಲ್ಲಿ ಸೋರಿತು. ಅಲ್ಲಿಗೆ ಇನ್ನೆರಡು ಬುಟ್ಟಿ ಬೇಕಿತ್ತು.