ಕನ್ವರ್ಟರ್ ಕಿತ್ತರೆ ಹಳೆಯ ಕಾರಿಗೆ ಬಲ ಬರುವುದೇ?

ಈಸೂರಿನಿಂದ ಶಿಕಾರಿಪುರಕ್ಕೋ ಸೊರಬಕ್ಕೋ ಹೋಗಿಬರುವವರಿಗೆ ಮಾರುತಿ 800 ಚಿರಪರಿಚಿತ ವಾಹನ. 1983ರಲ್ಲಿ ಆರಂಭವಾದ ಅದರ ತಯಾರಿಕೆ 2014ರಲ್ಲಿ ನಿಂತಿತು. ಇಂಥ ಹಳೆಯ ಕಾರು ಏರು ಹತ್ತಲು ತಿಣುಕಿದಾಗ, "ಕನ್ವರ್ಟರ್ ಕಿತ್ತುಹಾಕಿಸಿ, ಪಿಕಪ್ ತಾನಾಗಿ ಬರುತ್ತದೆ" ಎಂಬ ಸಲಹೆ ಒಡೆಯನಿಗೆ ಸುಲಭವಾಗಿ ದೊರೆಯುತ್ತದೆ. ಈ ಮಾತಿನಲ್ಲಿ ತಥ್ಯವೆಷ್ಟು, ಭ್ರಮೆಯೆಷ್ಟು ಎಂಬುದನ್ನು ಪ್ರೌಢಶಾಲೆಯ ವಿಜ್ಞಾನದ ನೆರವಿನಿಂದಲೇ ವಿವೇಚಿಸಬಹುದು.

ಕ್ಯಾಟಲಿಟಿಕ್ ಕನ್ವರ್ಟರ್ ಎಂಬುದು ಇಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಇರುವ ಲೋಹದ ಡಬ್ಬಿ. ಅದರೊಳಗೆ ಜೇನುಗೂಡಿನಂತೆ ಸಾವಿರಾರು ಸಣ್ಣ ರಂಧ್ರಗಳುಳ್ಳ ಪಿಂಗಾಣಿ ಇಟ್ಟಿಗೆಯಿದೆ. ಅದರ ಮೇಲೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಲೋಹಗಳ ಅತಿ ತೆಳುವಾದ ಲೇಪವಿರುತ್ತದೆ. ಇವು ಕ್ರಿಯಾವರ್ಧಕಗಳು, ತಾವು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುತ್ತವೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಕಾರ್ಬನ್ ಡೈಆಕ್ಸೈಡಾಗಿಯೂ, ಉರಿಯದೆ ಉಳಿದ ಪೆಟ್ರೋಲಿನ ಅಂಶ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿಯಾಗಿಯೂ ಮಾರ್ಪಡುತ್ತವೆ. ಸಾರಜನಕದ ಆಕ್ಸೈಡುಗಳು ಒಡೆದು ಸಾರಜನಕವಾಗುತ್ತವೆ.

ಸೀಸ ಬೆರೆತ ಪೆಟ್ರೋಲು ಈ ಲೇಪವನ್ನು ಕೆಡಿಸುತ್ತದೆ. ಆದಕಾರಣ 1995ರಲ್ಲಿ ದೆಹಲಿ, ಮುಂಬಯಿ, ಕಲ್ಕತ್ತೆ, ಮದರಾಸುಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾದಾಗಲೇ ಸೀಸರಹಿತ ಪೆಟ್ರೋಲೂ ಅಲ್ಲಿಗೆ ಬಂದಿತು. 2000ದಲ್ಲಿ ಅದು ದೇಶದಾದ್ಯಂತ ದೊರೆಯುವಂತಾಯಿತು.

ಈಗ ಬಲದ ಲೆಕ್ಕಕ್ಕೆ ಬರೋಣ. ಹೊಗೆಯ ದಾರಿಯಲ್ಲಿ ಯಾವುದೇ ಅಡೆತಡೆಯಿದ್ದರೂ ಇಂಜಿನ್ನಿನ ಶಕ್ತಿಯಲ್ಲಿ ಸ್ವಲ್ಪ ಭಾಗ ಹೊಗೆಯನ್ನು ಹೊರದೂಡುವುದಕ್ಕೇ ವ್ಯಯವಾಗುತ್ತದೆ, ಇದು ನಿಜ. ಸುಸ್ಥಿತಿಯಲ್ಲಿರುವ ಕನ್ವರ್ಟರ್ ಶೇಕಡಾ 3ರಷ್ಟು ಶಕ್ತಿಯನ್ನು ನುಂಗುತ್ತದೆಂದೇ ಭಾವಿಸಿದರೂ, 37 ಅಶ್ವಶಕ್ತಿಯ ಮಾರುತಿ ಇಂಜಿನ್ನಿನಲ್ಲಿ ಅದು ಒಂದು ಅಶ್ವಶಕ್ತಿಯ ಆಸುಪಾಸು ಮಾತ್ರ. ಕಾರಿನ ತೂಕ ಸುಮಾರು 650 ಕಿಲೋಗ್ರಾಂ. ಡಿಕ್ಕಿಯಲ್ಲಿರುವ 50 ಕಿಲೋಗ್ರಾಮಿನ ಮೆಕ್ಕೆಜೋಳದ ಮೂಟೆಯನ್ನು ಇಳಿಸಿದರೆ ಏರಿನಲ್ಲಿ ಇದಕ್ಕಿಂತ ಹೆಚ್ಚಿನ ಅನುಕೂಲ ಕಾಣುತ್ತದೆ!

ಹಾಗಾದರೆ ಕಿತ್ತಮೇಲೆ ಕಾರು ಚುರುಕಾಯಿತೆಂದು ಕೆಲವರು ಹೇಳುವುದೆಲ್ಲ ಸುಳ್ಳೇ? ಅಲ್ಲ. ಅಂಥವರ ಕನ್ವರ್ಟರ್ ಮೊದಲೇ ಕಟ್ಟಿಕೊಂಡಿರುತ್ತದೆ. ಸ್ಪಾರ್ಕ್ ಪ್ಲಗ್ ಕೆಟ್ಟು ಪೆಟ್ರೋಲು ಇಂಜಿನ್ನಿನಲ್ಲಿ ಉರಿಯದೆ ಹೊರಬಿದ್ದರೆ, ಅದು ಕನ್ವರ್ಟರಿನೊಳಗೆ ಉರಿಯುತ್ತದೆ. ಆ ತಾಪಕ್ಕೆ ಪಿಂಗಾಣಿ ಕರಗಿ ರಂಧ್ರಗಳು ಮುಚ್ಚುತ್ತವೆ. ಪಿಸ್ಟನ್ ರಿಂಗು ಸವೆದು ಇಂಜಿನ್ ಆಯಿಲ್ ಉರಿದರೂ ಲೇಪ ಮಸುಕಾಗುತ್ತದೆ. ಎಂದ ಮೇಲೆ ಕಟ್ಟಿಕೊಂಡ ಕನ್ವರ್ಟರ್ ರೋಗವಲ್ಲ, ರೋಗದ ಲಕ್ಷಣ. ಅದನ್ನು ಕಿತ್ತರೆ ಲಕ್ಷಣ ಮರೆಯಾಗುತ್ತದೆ. ರೋಗ ಒಳಗೇ ಬೆಳೆಯುತ್ತದೆ.

ಆದ್ದರಿಂದ ಪರೀಕ್ಷೆಯ ಕ್ರಮ ಹೀಗಿರಲಿ. ಮೊದಲು ಏರ್ ಫಿಲ್ಟರ್, ಪ್ಲಗ್ಗುಗಳು, ಪೆಟ್ರೋಲ್ ಫಿಲ್ಟರ್. ಬಳಿಕ ಕ್ಲಚ್ಚು ಮತ್ತು ಇಂಜಿನ್ನಿನ ಕಂಪ್ರೆಷನ್. ಇವೆಲ್ಲ ಸರಿಯಿದ್ದರೆ ಆಕ್ಸಿಜನ್ ಸೆನ್ಸರನ್ನು ಬಿಚ್ಚಿ, ಆ ರಂಧ್ರಕ್ಕೆ ಒತ್ತಡಮಾಪಕ ಜೋಡಿಸಬೇಕು. ಇಂಜಿನ್ ನಿಮಿಷಕ್ಕೆ 2500 ಸುತ್ತು ತಿರುಗುವಾಗ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 0.2 ಕಿಲೋಗ್ರಾಂ ಮೀರಿದರೆ ಹೊಗೆಯ ದಾರಿ ಕಟ್ಟಿದೆಯೆಂದು ತಿಳಿಯಬಹುದು. ಆಗ ಮೂಲದೋಷವನ್ನು ಸರಿಪಡಿಸಿ ಹೊಸ ಕನ್ವರ್ಟರ್ ಹಾಕಿಸುವುದೇ ಮಾರ್ಗ. ದೋಷ ತಿದ್ದದೆ ಹಾಕಿಸಿದರೆ ಹೊಸದೂ ಹಳೆಯದರ ಗತಿಯನ್ನೇ ಕಾಣುತ್ತದೆ.

ಕಿತ್ತವನು ತೆರುವ ಬೆಲೆ ಅಲ್ಪವಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ನಿಗದಿಪಡಿಸಿದ ರಚನೆಯನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. ವಾಯುಮಾಲಿನ್ಯದ ನಿಯಮ ಮೀರಿದವರಿಗೆ 190ನೆಯ ಕಲಮಿನಡಿ ವಿಧಿಸುವ ದಂಡವನ್ನು 2019ರ ತಿದ್ದುಪಡಿ 10,000 ರೂಪಾಯಿಯವರೆಗೆ ಏರಿಸಿತು. ಕಿತ್ತ ಡಬ್ಬಿಯಲ್ಲಿರುವ ಅಮೂಲ್ಯ ಲೋಹವೂ ಅರಿವಿಲ್ಲದೆ ಗುಜರಿಯವನ ಪಾಲಾಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಬೆಲೆಯನ್ನು ತೆರುವವರು ಬೇರೆಯವರು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಬೆಸೆದುಕೊಳ್ಳುತ್ತದೆ. ಕೊಳವೆಯನ್ನು ಕತ್ತರಿಸಿ ಬೆಸುಗೆ ಹಾಕಿದ ಕಡೆ ಸೋರಿದರೆ, ಗಾಜು ಮುಚ್ಚಿ ಕುಳಿತ ಮನೆಯವರೇ ಅದನ್ನು ಉಸಿರಾಡಬೇಕಾಗುತ್ತದೆ. ಶಾಲೆಯ ಬಾಗಿಲಲ್ಲಿ ಇಂಜಿನ್ ಆರಿಸದೆ ನಿಂತ ಕಾರಿನ ಹೊಗೆಗೊಳವೆಯ ಎತ್ತರ ಚಿಕ್ಕ ಮಕ್ಕಳ ಮುಖದಿಂದ ಬಹಳ ದೂರವಿಲ್ಲ ಎಂಬುದನ್ನೂ ನೆನೆಯಬೇಕು.

ಕನ್ವರ್ಟರಿನ ವಿಷಯದಲ್ಲಿ ಒಂದು ಎಚ್ಚರಿಕೆಯಂತೂ ಅಗತ್ಯ. ಅದು ತನ್ನ ಕೆಲಸ ಮಾಡಬೇಕಾದರೆ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಓಡುವಾಗ ತಾಪ ಇನ್ನೂ ಏರುತ್ತದೆ. ಸುಗ್ಗಿಯ ಕಾಲದಲ್ಲಿ ರಸ್ತೆಯ ಮೇಲೆ ಹರಡಿದ ಒಣ ಹುಲ್ಲು, ಹುರುಳಿ ಸೊಪ್ಪುಗಳು ಕಾರಿನ ತಳಕ್ಕೆ ಸಿಕ್ಕಿಕೊಂಡರೆ ಬೆಂಕಿ ಹೊತ್ತಬಹುದು. ಅಂಥ ಕಡೆ ಕಾರನ್ನು ನಿಲ್ಲಿಸಬಾರದು. ಹಾಯ್ದು ಬಂದಿದ್ದರೆ ತಳವನ್ನು ಪರೀಕ್ಷಿಸಬೇಕು.

ಹಳೆಯ ಕಾರನ್ನು ಪ್ರೀತಿಯಿಂದ ಉಳಿಸಿಕೊಂಡಿರುವ ಹಿರಿಯ ವಿದ್ಯಾರ್ಥಿಗಳು ಹಲವರಿರಬಹುದು. ಅವರಲ್ಲಿ ನಮ್ಮ ವಿನಂತಿ ಇಷ್ಟೆ: ಕಾರು ಬಳಲಿದಾಗ ಯಾವುದನ್ನು ಕೀಳಬೇಕೆಂದು ಕೇಳುವ ಮೊದಲು, ಅದು ಏಕೆ ಬಳಲಿತೆಂದು ಕೇಳಿರಿ. ಕಾರಣವನ್ನು ಹುಡುಕುವ ಈ ಅಭ್ಯಾಸವನ್ನೇ ಶಾಲೆಯ ವಿಜ್ಞಾನ ಪಾಠ ನಮಗೆ ಕಲಿಸಿದ್ದು.